ಬ್ಯಾಟನ್‌ಕಿಲ್ ದಡದಲ್ಲಿ ನಿಧಾನದ ವಿದ್ಯೆ

ಬ್ಯಾಟನ್‌ಕಿಲ್ ಎಂಬ ಹೆಸರು ಕೇಳಿ ಇಂಗ್ಲಿಷ್ ಬಲ್ಲವರು ಬೆಚ್ಚಬೇಕಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಹಡ್ಸನ್ ಕಣಿವೆಗೆ ಬಂದು ನೆಲೆಸಿದ ಡಚ್ಚರ ಮಾತಿನಲ್ಲಿ ‘ಕಿಲ್’ ಎಂದರೆ ಹೊಳೆ. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ಹುಟ್ಟುವ ಈ ಹೊಳೆ ಮ್ಯಾಂಚೆಸ್ಟರ್, ಆರ್ಲಿಂಗ್ಟನ್ ಊರುಗಳನ್ನು ಬಳಸಿ, ಪಶ್ಚಿಮಕ್ಕೆ ತಿರುಗಿ ನ್ಯೂಯಾರ್ಕ್ ರಾಜ್ಯವನ್ನು ಹೊಕ್ಕು, ಕೊನೆಗೆ ಹಡ್ಸನ್ ನದಿಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 95 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಅದೊಂದು ಹಳ್ಳ. ಆದರೆ ಗಾಳ ಹಿಡಿದು ಮೀನಿಗೆ ಕಾಯುವವರ ಲೋಕದಲ್ಲಿ ಅದರ ಹೆಸರು ಬಲು ದೊಡ್ಡದು.

ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೂ ಈ ಮ್ಯಾಂಚೆಸ್ಟರಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆಯಿಲ್ಲ. ಪೂರ್ವಕ್ಕೆ ಗ್ರೀನ್ ಮೌಂಟನ್ಸ್, ಪಶ್ಚಿಮಕ್ಕೆ ಟಕಾನಿಕ್ ಬೆಟ್ಟಸಾಲು, ನಡುವಣ ಕಣಿವೆಯಲ್ಲಿ ಬಿಳಿಯ ಮರದ ಮನೆಗಳು. ಊರ ಬೆನ್ನಿಗೆ ಸುಮಾರು 1,170 ಮೀಟರ್ ಎತ್ತರದ ಇಕ್ವಿನಾಕ್ಸ್ ಬೆಟ್ಟ. ಸುತ್ತಲ ಗಣಿಗಳಲ್ಲಿ ಅಮೃತಶಿಲೆ ಧಾರಾಳವಾಗಿ ಸಿಗುತ್ತಿದ್ದುದರಿಂದ ಇಲ್ಲಿನ ಜನ ಕಾಲುದಾರಿಗೂ ಅದನ್ನೇ ಹಾಸಿದರು! ಅಧ್ಯಕ್ಷ ಲಿಂಕನ್ನರ ಮಗ ರಾಬರ್ಟ್ ಟಾಡ್ ಲಿಂಕನ್ ಬೇಸಿಗೆಗೆಂದು ಕಟ್ಟಿಸಿದ ‘ಹಿಲ್ಡೀನ್’ ಮನೆಯೂ ಇಲ್ಲೇ ಇದೆ. ಹೊಳೆಗುಂಟ ಇಳಿದರೆ ವೆಸ್ಟ್ ಆರ್ಲಿಂಗ್ಟನ್‌ನಲ್ಲಿ 1852ರ ಮರದ ಸೇತುವೆ ಸಿಗುತ್ತದೆ. ಅದಕ್ಕೆ ಮನೆಯಂತೆ ಗೋಡೆಯೂ ಮಾಡೂ ಉಂಟು. ಮಳೆ, ಹಿಮಗಳಿಗೆ ಮರ ಕೊಳೆಯದಿರಲೆಂದು ಹಿಂದಿನವರು ಕಂಡುಕೊಂಡ ಉಪಾಯ ಅದು. ಚಿತ್ರಕಾರ ನಾರ್ಮನ್ ರಾಕ್‌ವೆಲ್ 1940ರ ದಶಕದಲ್ಲಿ ಈ ಸೇತುವೆಯ ಸಮೀಪವೇ ವಾಸವಾಗಿದ್ದರು.

ತೂಕವಿಲ್ಲದ ಗಾಳ

ಬ್ಯಾಟನ್‌ಕಿಲ್‌ನ ನೀರು ತಣ್ಣಗೆ, ತಿಳಿಯಾಗಿ ಹರಿಯುತ್ತದೆ. ಟ್ರೌಟ್ ಮೀನಿಗೆ ಬೇಕಾದದ್ದೂ ಇದೇ. ನೀರು ತಣ್ಣಗಿದ್ದಷ್ಟೂ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೊನ್ನೆ ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಕರಗಿದರೆ, 20 ಡಿಗ್ರಿಯಲ್ಲಿ ಕರಗುವುದು ಸುಮಾರು 9 ಮಿಲಿಗ್ರಾಂ ಮಾತ್ರ. ಅದಕ್ಕಿಂತ ಬಿಸಿಯೇರಿದರೆ ಟ್ರೌಟ್‌ಗೆ ಏದುಸಿರು.

ಈ ಮೀನು ಹಿಡಿಯುವ ವಿದ್ಯೆಗೆ ಫ್ಲೈ ಫಿಶಿಂಗ್ ಎಂದು ಹೆಸರು. ಎರೆಹುಳು ಸಿಕ್ಕಿಸಿ, ಸೀಸದ ಗುಂಡು ಕಟ್ಟಿ, ದಡದಲ್ಲಿ ಕೂತು ಬೀಡಿ ಸೇದುತ್ತಾ ಕಾಯುವ ನಮ್ಮ ಕೆರೆ ಏರಿಯ ಗಾಳಕ್ಕಿಂತ ಇದು ಬೇರೆ. ಪುಟ್ಟ ಕೊಕ್ಕೆಗೆ ಕೋಳಿಯ ಗರಿ, ರೇಷ್ಮೆ ಎಳೆ ಸುತ್ತಿ ನೊಣದಂತೆ ಕಾಣುವ ಹುಳುವನ್ನು ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ. ಹಾಗಾದರೆ ದೂರ ಎಸೆಯುವುದು ಹೇಗೆ? ಇಲ್ಲಿ ತೂಕ ಇರುವುದು ದಾರಕ್ಕೆ. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರ ಬೆನ್ನ ಹಿಂದೆ ಗಾಳಿಯಲ್ಲಿ ಬಿಚ್ಚಿಕೊಳ್ಳಬೇಕು. ಅದು ಪೂರ್ತಿ ಚಾಚುವವರೆಗೆ ಕೈ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರಪಟ್ಟರೆ ದಾರ ಸಿಕ್ಕಾಗುತ್ತದೆ. ಹೊಸಬರಿಗೆ ಮೊದಲು ಕಲಿಸುವುದೇ ಆ ಒಂದು ಕ್ಷಣದ ತಡೆಯನ್ನು.

ಮೇರಿಯ ಕೋಣೆ

ಚಾರ್ಲ್ಸ್ ಆರ್ವಿಸ್ ಎಂಬುವರು 1856ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಳದ ಕೋಲು, ಸಲಕರಣೆಗಳ ವ್ಯಾಪಾರ ಆರಂಭಿಸಿದರು. ಅದೇ ವರ್ಷ ಹುಟ್ಟಿದ ಮಗಳು ಮೇರಿ ಇಪ್ಪತ್ತರ ಹೊತ್ತಿಗೆ ಹುಳು ಕಟ್ಟುವ ವಿಭಾಗದ ಹೊಣೆ ಹೊತ್ತರು. ಕೆಲಸಕ್ಕೆ ತರುಣಿಯರನ್ನು ಸೇರಿಸಿಕೊಂಡು ತಾವೇ ತರಬೇತಿ ಕೊಟ್ಟರು. ಉಗುರಿಗಿಂತ ಚಿಕ್ಕ ಕೊಕ್ಕೆಗೆ ಕೂದಲೆಳೆಯ ಗರಿಯನ್ನು ಸುತ್ತುವ ಕೆಲಸ. ದಿನವಿಡೀ ಕಣ್ಣು ನೆಟ್ಟು ಕೂರಬೇಕು. ಅಲ್ಲಿ ಕಟ್ಟಿದ ಹುಳುಗಳು ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು.

ತೊಡಕು ಬಂದದ್ದು ಹೆಸರುಗಳಲ್ಲಿ. ಒಂದೇ ಹುಳುವಿಗೆ ಊರಿಗೊಂದು ಹೆಸರು. ಒಂದೇ ಹೆಸರಿನಲ್ಲಿ ಕಟ್ಟುವವರಿಗೊಂದು ರೂಪ. ಗಿರಾಕಿ ಬರೆದು ತರಿಸಿದ್ದು ಒಂದಾದರೆ ಅವನ ಮನಸ್ಸಿನಲ್ಲಿದ್ದದ್ದು ಇನ್ನೊಂದು. ಈ ಗೊಂದಲ ಬಿಡಿಸಲು ದೇಶದ ಗಾಳಗಾರರನ್ನೇ ಕೇಳಲಾಯಿತು: ನಿಮ್ಮ ಕಡೆಯ ನೀರಿಗೆ ಯಾವ ಹುಳು, ಯಾವ ಕಾಲದಲ್ಲಿ, ಹೇಗೆ? ಉತ್ತರಗಳು ರಾಶಿ ಬಿದ್ದವು. ಇನ್ನೂರಕ್ಕೂ ಹೆಚ್ಚು ಜನರ ಪತ್ರಗಳನ್ನು ರಾಜ್ಯವಾರು ಜೋಡಿಸಿ, ಒಂದೊಂದು ಹುಳುವಿನ ಕಥೆಯನ್ನೂ ಸೇರಿಸಿ, ಮೇರಿ ಆರ್ವಿಸ್ ಮಾರ್ಬರಿ 1892ರಲ್ಲಿ ‘ಫೇವರಿಟ್ ಫ್ಲೈಸ್ ಅಂಡ್ ದೇರ್ ಹಿಸ್ಟರೀಸ್’ ಎಂಬ ಪುಸ್ತಕ ಹೊರತಂದರು. ಐನೂರು ಪುಟಗಳನ್ನು ಮೀರಿದ ಗ್ರಂಥ, ಅದರೊಳಗೆ 32 ಬಣ್ಣದ ಚಿತ್ರಫಲಕಗಳು.

ಕಾದಂಬರಿಯಂತೆ ಸರಸರನೆ ಓದಿಸಿಕೊಳ್ಳುವ ಪುಸ್ತಕ ಅದಲ್ಲ. ಕಥಾನಾಯಕನಿಲ್ಲ, ಮುಂದೇನಾಯಿತೆಂಬ ಕುತೂಹಲವಿಲ್ಲ. ಒಬ್ಬನಿಗೆ ಒಲಿದ ಹುಳು ಇನ್ನೊಬ್ಬನ ಪಟ್ಟಿಯಲ್ಲೇ ಇಲ್ಲ! ಆದರೂ ಜನ ಕೊಂಡರು, ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಓದುಗರ ಪತ್ರಗಳಿಂದಲೇ ಹುಟ್ಟಿದ ಪುಸ್ತಕದಲ್ಲಿ ಓದುಗ ತನ್ನ ಊರಿನ ಹೊಳೆಯನ್ನು ಹುಡುಕುತ್ತಿದ್ದನೇನೋ. ನಿಧಾನವೆಂದು ಒಬ್ಬ ಬದಿಗಿಡುವ ಪುಸ್ತಕವನ್ನೇ ಇನ್ನೊಬ್ಬ ತಲೆದಿಂಬಿನ ಬಳಿ ಇಟ್ಟುಕೊಳ್ಳುವುದು ಎಲ್ಲ ಭಾಷೆಯಲ್ಲೂ ಉಂಟಷ್ಟೆ.

ಪುಸ್ತಕದ ಕಥೆಗಳಲ್ಲಿ ಒಂದನ್ನು ಹೇಳಲೇಬೇಕು. ‘ಕೋಚ್‌ಮನ್’ ಎಂಬ ಹುಳುವಿನ ಮೈ ನವಿಲುಗರಿಯ ಎಳೆಯದು. ಮೀನಿನ ಹಲ್ಲಿಗೆ ಅದು ಬೇಗ ಹರಿದುಹೋಗುತ್ತದೆ. 1878ರಲ್ಲಿ ನ್ಯೂಯಾರ್ಕಿನ ಜಾನ್ ಹೇಲಿ ಎಂಬ ಕುಶಲಕರ್ಮಿ ಗಟ್ಟಿಯಾಗಲೆಂದು ನಡುವಿಗೆ ಕೆಂಪು ರೇಷ್ಮೆಯ ಪಟ್ಟಿ ಸುತ್ತಿ, ಬಾಲವನ್ನೂ ಕೂಡಿಸಿ, ಇದಕ್ಕೇನು ಹೆಸರಿಡಲಿ ಎಂದು ಮಾದರಿಯನ್ನು ಕಳಿಸಿಕೊಟ್ಟ. ಮೇಜಿನ ಸುತ್ತ ಚರ್ಚೆ ನಡೆಯಿತು. ಉಡುಪು ಇಷ್ಟು ಭರ್ಜರಿಯಾಗಿರುವಾಗ ರಾಜಠೀವಿಯ ಹೆಸರೇ ಸರಿ ಎಂದರು ಚಾರ್ಲ್ಸರ ತಮ್ಮ. ಹಾಗೆ ‘ರಾಯಲ್ ಕೋಚ್‌ಮನ್’ ಹುಟ್ಟಿತು. ಕೊಕ್ಕೆಗೆ ಸೊಂಟಪಟ್ಟಿ ಕಟ್ಟಿದ ಆ ಹುಳು ಇಂದಿಗೂ ಗಾಳಗಾರರ ಡಬ್ಬಿಯಲ್ಲಿದೆ.

1893ರ ಷಿಕಾಗೋ ವಿಶ್ವಮೇಳಕ್ಕೆ ಮೇರಿ ಹುಳುಗಳನ್ನೂ ಹೊಳೆಗಳ ಛಾಯಾಚಿತ್ರಗಳನ್ನೂ ಚೌಕಟ್ಟಿನ ಫಲಕಗಳಲ್ಲಿ ಜೋಡಿಸಿ ಕಳಿಸಿದರು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಸಂದರ್ಭದಲ್ಲಿ. ಫಲಕಗಳು ಈಗ ಮ್ಯಾಂಚೆಸ್ಟರಿನ ‘ಅಮೆರಿಕನ್ ಮ್ಯೂಸಿಯಂ ಆಫ್ ಫ್ಲೈ ಫಿಶಿಂಗ್’ ಸಂಗ್ರಹದಲ್ಲಿವೆ. 1968ರಲ್ಲಿ ಸ್ಥಾಪನೆಯಾದ ಈ ವಸ್ತುಸಂಗ್ರಹಾಲಯಕ್ಕೆ ಹೋದವರು ಆ ಹೊಲಿಗೆಯಂಥ ಕೆಲಸವನ್ನು ಕಂಡು ಬೆರಗಾಗದೆ ಇರಲಾರರು. ಪತ್ರ ಬರೆದ ಗಂಡಸರ ಹೆಸರುಗಳು ಪುಸ್ತಕದಲ್ಲಿ ಸಾಲುಸಾಲಾಗಿವೆ. ಹುಳು ಕಟ್ಟಿದ ಹೆಣ್ಣುಮಕ್ಕಳ ಹೆಸರನ್ನು ಹುಡುಕಿಕೊಂಡು ಹೋಗಬೇಕು. ಅವರು ನೀರಿಗೆ ಕಳಿಸಿದ್ದು ತಮ್ಮ ಕೈಕೆಲಸವನ್ನು. ಹೊಳೆಯಲ್ಲಿ ನಿಂತವರು ಹೆಚ್ಚಾಗಿ ಬೇರೆಯವರು.

ಗೆಳತಿಯರ ಹೊಳೆ

ಆ ಅಂತರ ತುಂಬಲು ಬಹಳ ಕಾಲ ಹಿಡಿಯಿತು. ಗಂಡಸರ ಗಾಳದ ಕ್ಲಬ್ಬುಗಳಲ್ಲಿ ತಮಗೆ ಜಾಗವಿಲ್ಲವೆಂದು ಕಂಡ ನ್ಯೂಯಾರ್ಕ್ ಕಡೆಯ ಮಹಿಳೆಯರು 1932ರಲ್ಲಿ ತಮ್ಮದೇ ‘ವುಮನ್ ಫ್ಲೈಫಿಷರ್ಸ್ ಕ್ಲಬ್’ ಕಟ್ಟಿಕೊಂಡರು. ಮ್ಯಾಂಚೆಸ್ಟರಿನ ಸರದಿ ಬಂದದ್ದು 1996ರಲ್ಲಿ. ಸ್ತನ ಕ್ಯಾನ್ಸರ್ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈದ್ಯೆಯೊಬ್ಬರೂ ಗಾಳದಲ್ಲಿ ಪಳಗಿದ ಮಹಿಳೆಯೊಬ್ಬರೂ ಸೇರಿ ‘ಕಾಸ್ಟಿಂಗ್ ಫಾರ್ ರಿಕವರಿ’ ಎಂಬ ಸಂಸ್ಥೆಯನ್ನು ಇಲ್ಲಿ ಆರಂಭಿಸಿದರು.

ಇದರ ಹಿಂದೆ ಸರಳವಾದ ಶರೀರಶಾಸ್ತ್ರವಿದೆ. ಸ್ತನದ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳ ನಂತರ ಭುಜ, ಕಂಕುಳಿನ ಅಂಗಾಂಶಗಳು ಬಿಗಿದುಕೊಳ್ಳುತ್ತವೆ. ಕೈ ಎತ್ತುವುದೇ ಕಷ್ಟವಾಗುತ್ತದೆ. ಆಗ ವೈದ್ಯರು ಹೇಳುವ ಮೆಲುವ್ಯಾಯಾಮಕ್ಕೂ ದಾರ ಬೀಸುವ ಚಲನೆಗೂ ಹತ್ತಿರದ ಸಂಬಂಧವುಂಟು. ಬಲ ಬೇಡ, ಲಯ ಸಾಕು.

ಎರಡೂವರೆ ದಿನದ ಶಿಬಿರ. ಒಮ್ಮೆಗೆ ಹದಿನಾಲ್ಕರಷ್ಟು ಮಹಿಳೆಯರು. ಖರ್ಚು ಅವರದಲ್ಲ. ಗಂಟು ಹಾಕುವುದು, ದಾರ ಬೀಸುವುದು, ಹೊಳೆಯ ಕಲ್ಲಡಿಯ ಹುಳುಗಳನ್ನು ಗುರುತಿಸುವುದು ಇವೆಲ್ಲ ಪಾಠ. ನಡುವೆ ಮಾತು. ತಲೆಗೂದಲು ಉದುರಿದ್ದು, ಕನ್ನಡಿ ನೋಡಲಾಗದ ದಿನಗಳು, ಮುಂದಿನ ತಪಾಸಣೆಯ ಭಯ - ಮನೆಯವರು ನೊಂದುಕೊಂಡಾರೆಂದು ನುಂಗಿಕೊಂಡದ್ದನ್ನೆಲ್ಲ ಅದೇ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬಳ ಮುಂದೆ ಬಿಚ್ಚಿಡಬಹುದು. ಕೊನೆಯ ದಿನ ನೀರಿಗಿಳಿಯುತ್ತಾರೆ; ಒಬ್ಬೊಬ್ಬರಿಗೂ ಒಬ್ಬ ಸಹಾಯಕರು ಜೊತೆಗಿರುತ್ತಾರೆ. ಸಿಕ್ಕ ಮೀನನ್ನು ಮರಳಿ ನೀರಿಗೇ ಬಿಡುತ್ತಾರೆ. ಈ ಶಿಬಿರಗಳು ಮುಂದೆ ಅಮೆರಿಕದ ಬೇರೆ ರಾಜ್ಯಗಳಿಗೂ ಬೇರೆ ದೇಶಗಳಿಗೂ ಹಬ್ಬಿದವು. ಹುಳು ಕಟ್ಟುವ ಹೆಂಗಸರು ಮೇಜಿನ ಸುತ್ತ ಕೂತಿದ್ದ ಊರಿನಲ್ಲಿ ಒಂದು ಶತಮಾನದ ನಂತರ ಹೆಂಗಸರೇ ಹೊಳೆಗಿಳಿದರು, ಅದೂ ಒಬ್ಬರ ಕೈ ಒಬ್ಬರು ಹಿಡಿದು.

ಹೊಳೆಗೂ ಕಾಯಿಲೆ ಬಂದದ್ದುಂಟು. 1990ರ ದಶಕದಲ್ಲಿ ಬ್ಯಾಟನ್‌ಕಿಲ್‌ನಲ್ಲಿ ಬ್ರೌನ್ ಟ್ರೌಟ್ ಸಂಖ್ಯೆ ಕುಸಿಯಿತು. ನೀರಿಗೆ ಬಿದ್ದ ಮರಗಳಿಲ್ಲದೆ, ದಡದ ನೆರಳಿಲ್ಲದೆ ಮೀನಿಗೆ ಅಡಗುವ ತಾವು ಕಡಿಮೆಯಾಗಿತ್ತು. ಆಮೇಲೆ ದಿಮ್ಮಿಗಳನ್ನೂ ಬಂಡೆಗಳನ್ನೂ ಹೊಳೆಯಲ್ಲಿ ಮತ್ತೆ ಇರಿಸಿ, ದಡದಲ್ಲಿ ಗಿಡ ನೆಟ್ಟು ಉಪಚಾರ ನಡೆಯಿತು. ಈ ಚಿಕಿತ್ಸೆಗೂ ವರ್ಷಗಳೇ ಬೇಕು. ನೆಟ್ಟ ಗಿಡ ನೀರಿಗೆ ನೆರಳು ಕೊಡುವಷ್ಟು ಬೆಳೆಯಬೇಕಲ್ಲ!

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರು ಮ್ಯಾಂಚೆಸ್ಟರಿಗೆ ಎರಡು ದಿನ ಬಿಡುವು ಮಾಡಿಕೊಳ್ಳಬಹುದು. ನ್ಯೂಯಾರ್ಕಿನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಆಲ್ಬನಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮೇಪಲ್ ಮರಗಳು ಕೆಂಪು, ಕಿತ್ತಳೆಯಾಗಿ ಉರಿಯುವಂತೆ ಕಾಣುತ್ತವೆ. ಗಾಳ ಹಾಕುವ ಆಸೆಯಿದ್ದವರು ಮೇ, ಜೂನ್ ತಿಂಗಳಲ್ಲಿ ಹೋಗುವುದು ಒಳ್ಳೆಯದು. ರಾಜ್ಯದ ಪರವಾನಗಿ ಪಡೆಯಲೇಬೇಕು. ಗಾಳ ಬೇಡವಾದವರು ಮಾಡಿನ ಸೇತುವೆಯ ಬಳಿ ಸುಮ್ಮನೆ ಕೂರಬಹುದು. ಕಣ್ಣು ಪಳಗಿದರೆ ಕಲ್ಲಿನ ಮರೆಯಲ್ಲಿ ಪ್ರವಾಹಕ್ಕೆ ಎದುರಾಗಿ ಬಾಲ ಆಡಿಸುತ್ತಾ ನಿಂತ ಟ್ರೌಟ್ ಕಂಡೀತು. ಅದಕ್ಕೆ ಅವಸರ ಮಾತ್ರ ಕೂಡದು.