ಜ್ವರಕ್ಕೆ ಯಾವೂರು?

ಗುಳೆ ಅಂದ್ರೆ ಏನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಮಳೆ ಕೈಕೊಟ್ಟ ವರ್ಷ ಈ ಐದೂ ತಾಲ್ಲೂಕುಗಳಿಂದ ಜನ ಗಂಟುಮೂಟೆ ಕಟ್ಟಿ ಬಸ್ ಹತ್ತುತ್ತಾರೆ. ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಕೆಲವರು ಬೆಂಗಳೂರಿಗೆ, ಕೆಲವರು ಮಂಗಳೂರಿನ ಕಟ್ಟಡ ಕೆಲಸಕ್ಕೆ.

ಮಂಗಳೂರು 1990ರ ದಶಕದಿಂದ ಮಲೇರಿಯಾಕ್ಕೂ ಹೆಸರಾದ ಊರು. ಈಚೆಗೆ ಪ್ರಕರಣಗಳು ಬಹಳ ಇಳಿದಿವೆ, ನಿಜ. ಆದರೆ ಕಟ್ಟಡಕ್ಕೆ ಹಾಕಿದ ನೀರು ನಿಂತಲ್ಲಿ ಅನಾಫಿಲಿಸ್ ಸೊಳ್ಳೆ ಮೊಟ್ಟೆ ಇಡುತ್ತೆ, ಅದೇ ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ನಮ್ಮವರು ಮಲಗುತ್ತಾರೆ.

ನಮ್ಮ ಚಿಗಪ್ಪನಿಗೂ ಅಲ್ಲೇ ಜ್ವರ ಬಂತು. ವೈವ್ಯಾಕ್ಸ್ ಮಲೇರಿಯಾ. ಮೂರು ದಿನ ಕ್ಲೋರೊಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್. ವಾಸಿಯಾಯ್ತು. ಹರಪನಹಳ್ಳಿ ಕಡೆಯ ನಮ್ಮೂರಿಗೆ ಬಂದ ಎರಡು ತಿಂಗಳಿಗೆ ಮತ್ತೆ ಅದೇ ನಡುಕ. ರಕ್ತ ನೋಡಿದವರು ಒಂದೇ ಮಾತಿಗೆ ತೀರ್ಪು ಕೊಟ್ಟರು: ಗುಳಿಗೆ ಪೂರ್ತಿ ನುಂಗಿಲ್ಲ.

"ಎಲ್ಲಾ ನುಂಗೀನೋ ತಮ್ಮಾ. ಸುಳ್ಳು ಹೇಳಿ ನನಗೇನು ಬರೂದೈತಿ?" ಅಂದ ಚಿಗಪ್ಪ ಫೋನಿನಲ್ಲಿ.

ಮರಳಿ ಬಂದ ಜ್ವರಕ್ಕೆ ಮೂರು ದಾರಿಗಳಿವೆ. ಔಷಧಿಗೆ ಸಾಯದೆ ರಕ್ತದಲ್ಲೇ ಉಳಿದ ಹಳೇ ಪರಾವಲಂಬಿ. ಹೊಸ ಸೊಳ್ಳೆ, ಹೊಸ ಸೋಂಕು. ಮೂರನೆಯದು ವೈವ್ಯಾಕ್ಸಿನ ಹಳೇ ಚಾಳಿ: ಲಿವರ್‌ನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿದ್ದು ಏಳೋದು. ಮೈಕ್ರೋಸ್ಕೋಪಿಗೆ ಮೂರೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಲು ಬೇಕಾಗೋದು ಜೀನಿನ ಗುರುತು.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ವಿಳಾಸ ಬದಲಾಯ್ತು, ಊರು ಅದೇ. ಪರಾವಲಂಬಿಯದು ಉಲ್ಟಾ: ಮುಖ ಅದೇ, ಊರು ಬೇರೆ ಇರಬಹುದು. ಎಂಎಸ್‌ಪಿ-1ರಂಥ ಜೀನುಗಳಲ್ಲಿ ಕೆಲವು ತುಣುಕುಗಳ ಉದ್ದ ಒಂದು ತಳಿಯಿಂದ ಇನ್ನೊಂದಕ್ಕೆ ಬದಲಾಗುತ್ತೆ. ಮೊದಲ ದಿನದ ರಕ್ತ, ಜ್ವರ ಮರಳಿದ ದಿನದ ರಕ್ತ ಎರಡನ್ನೂ ಪಿಸಿಆರ್ ಮಾಡಿ ಪಕ್ಕಪಕ್ಕ ಇಟ್ಟರೆ ಪಟ್ಟಿಗಳು ಹೊಂದುತ್ತವೋ ಇಲ್ಲವೋ ಗೊತ್ತಾಗುತ್ತೆ.

ಫಾಲ್ಸಿಪ್ಯಾರಂ ಮಲೇರಿಯಾದಲ್ಲಿ ಔಷಧಿ ಸೋತಿತೋ, ಹೊಸ ಸೊಳ್ಳೆ ಕಚ್ಚಿತೋ ಅಂತ ತೀರ್ಮಾನಿಸೋದು ಹೀಗೇ. ಔಷಧಿಗೆ ಬಗ್ಗದ ತಳಿಯನ್ನು ಹಿಡಿಯುವ ಗುರುತುಗಳು ಬೇರೆ ಇವೆ. 2014ರಲ್ಲಿ ಪ್ರಕಟವಾದ ಕೆಲ್ಚ್-13 ಅಂಥದ್ದು: ಆರ್ಟಿಮಿಸಿನಿನ್ ಕೆಲಸ ನಿಧಾನವಾಗುವ ತಳಿ ಎಲ್ಲಿ ಹಬ್ಬುತ್ತಿದೆ ಅಂತ ಅದು ಹೇಳುತ್ತೆ.

ವೈವ್ಯಾಕ್ಸಿನಲ್ಲಿ ಮಾತ್ರ ಲೆಕ್ಕ ಇಷ್ಟು ಸಲೀಸಿಲ್ಲ. ಲಿವರ್‌ನಲ್ಲಿ ಮಲಗಿದ್ದು ಹಿಂದೆಂದೋ ಕಚ್ಚಿದ ಇನ್ನೊಂದು ಸೊಳ್ಳೆಯದಾಗಿರಬಹುದು. ಆಗ ಪಟ್ಟಿ ಬೇರೆ ಬಂದರೂ ಜ್ವರ ಹೊಸದಲ್ಲ. ಇನ್ನೊಂದು ವಿಷಯ: ಕೆಲವರ ದೇಹದಲ್ಲಿ ಪ್ರೈಮಾಕ್ವಿನ್ ಅನ್ನು ಚುರುಕಾಗಿಸುವ ಸಿವೈಪಿ2ಡಿ6 ಎಂಬ ಕಿಣ್ವ ಹುಟ್ಟಿನಿಂದಲೇ ಮಂದ. ಅಂಥವರು ಹದಿನಾಲ್ಕೂ ದಿನ ತಪ್ಪದೆ ನುಂಗಿದರೂ ಜ್ವರ ಮರಳಬಹುದು.

ಅಂದ್ರೆ ಚಿಗಪ್ಪ ಹೇಳಿದ್ದು ನಿಜ ಇರಬಹುದು. ಅವನ ಮೊದಲ ದಿನದ ರಕ್ತವನ್ನು ಯಾರೂ ಎತ್ತಿಟ್ಟಿಲ್ಲ, ಹಾಗಾಗಿ ಅವನ ಪರ ಸಾಕ್ಷಿ ಹೇಳೋ ಪಟ್ಟಿ ಯಾವುದೂ ಇಲ್ಲ. ಸಾಕ್ಷಿ ಇಲ್ಲದಾಗ ನಾವು ಸುಲಭಕ್ಕೆ ಬೊಟ್ಟು ಮಾಡೋದು ಬಡವನ ಕಡೆಗೇ: ಓದಿಲ್ಲ, ಕುಡೀತಾನೆ, ಮಾತು ಕೇಳಲ್ಲ.

ನಾವು ಲೋನ್ ತೆಗೆದು ಕೊಳ್ಳುವ ಫ್ಲ್ಯಾಟಿನ ಗೋಡೆಗೆ ಇಂಥವರೇ ನೀರು ಹೊಡೆದಿರುತ್ತಾರೆ. ನಿಮ್ಮ ಪಕ್ಕದ ಸೈಟಿನಲ್ಲಿ ಯಾರಿಗಾದರೂ ಜ್ವರ ಅಂತ ಕಿವಿಗೆ ಬಿದ್ದರೆ ರಕ್ತ ಪರೀಕ್ಷೆಗೆ ಕಳಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಗುಳಿಗೆ ಮುಗಿಯೋ ತನಕ ದಿನಾ ಒಂದು ಸಲ ವಿಚಾರಿಸಿ. ಮತ್ತೆ ಜ್ವರ ಬಂತು ಅಂದರೆ, ಬೈಯೋ ಮುಂಚೆ ಅವರು ಹೇಳೋದನ್ನು ಕೇಳಿ.

ಚಿಗಪ್ಪ ಎರಡನೇ ಸಲವೂ ಹದಿನಾಲ್ಕು ದಿನ ನುಂಗಿದ. ಈ ಸಲ ಖಾಲಿ ಗುಳಿಗೆ ಹಾಳೆಗಳನ್ನು ಬಿಸಾಕದೆ ಎತ್ತಿಟ್ಟಿದ್ದಾನೆ. ಯಾರಾದರೂ ಕೇಳಿದರೆ ತೋರಿಸೋಕೆ.