ನವಿಲುತೀರ್ಥ: ನೀರಿಗೆ ಬೆನ್ನು ಕೊಟ್ಟ ಗೋಡೆ

ಯಲ್ಲಮ್ಮನ ಗುಡ್ಡಕ್ಕೆ ಹೋದವರು ನವಿಲುತೀರ್ಥವನ್ನೂ ನೋಡಿಯೇ ಬರುವುದು ವಾಡಿಕೆ. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಬಳಿ, ಎರಡು ಕಲ್ಲುಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಗೆ ಅಡ್ಡಲಾಗಿ ಅಣೆಕಟ್ಟು ನಿಂತಿದೆ. 1972ರಲ್ಲಿ ಪೂರ್ಣಗೊಂಡ ಇದರ ಉದ್ದ ಸುಮಾರು 154 ಮೀಟರ್ ಮಾತ್ರ. ಬೆನ್ನ ಹಿಂದಿನ ರೇಣುಕಾ ಸಾಗರದಲ್ಲಿ ಹಿಡಿಯುವ ನೀರು ಸುಮಾರು 37 ಟಿಎಂಸಿ!

ಇಷ್ಟು ಚಿಕ್ಕ ಗೋಡೆ ಅಷ್ಟು ನೀರನ್ನು ತಡೆಯುವುದು ಹೇಗೆ? ಗುಟ್ಟು ಹೈಸ್ಕೂಲಿನ ಭೌತಶಾಸ್ತ್ರದಲ್ಲಿದೆ. ಜಲಾಶಯ ಎಷ್ಟು ದೂರ ಹರಡಿದೆ ಎಂಬುದು ಗೋಡೆಗೆ ಮುಖ್ಯವಲ್ಲ. ನೀರು ಎಷ್ಟು ಆಳವಿದೆ ಎಂಬುದಷ್ಟೇ ಮುಖ್ಯ. ಆಳ 40 ಮೀಟರ್ ಎಂದುಕೊಳ್ಳಿ. ಆಗ ಗೋಡೆಯ ಪ್ರತಿ ಮೀಟರ್ ಅಗಲದ ಮೇಲೆ ಬೀಳುವ ತಳ್ಳು 800 ಟನ್. ಆಳ ಅರ್ಧವಾದರೆ ತಳ್ಳು ಕಾಲು ಭಾಗಕ್ಕಿಳಿಯುತ್ತದೆ. ಈ ತಳ್ಳನ್ನು ಗೋಡೆ ತನ್ನ ಭಾರದಿಂದಲೇ ಎದುರಿಸುತ್ತದೆ.

ಆದರೆ ನೀರು ಎದುರಿನಿಂದ ತಳ್ಳುವುದಲ್ಲದೆ ಬಿರುಕುಗಳಲ್ಲಿ ನುಸುಳಿ ಕೆಳಗಿನಿಂದ ಮೇಲಕ್ಕೂ ಎತ್ತುತ್ತದೆ. 1895ರಲ್ಲಿ ಫ್ರಾನ್ಸಿನ ಬೂಝೆ ಅಣೆಕಟ್ಟು ಒಡೆದು ಹಲವರು ಸತ್ತ ಮೇಲೆ ಎಂಜಿನಿಯರುಗಳು ಇದನ್ನು ಗಂಭೀರವಾಗಿ ಲೆಕ್ಕಕ್ಕೆ ಹಿಡಿದರು. 1967ರ ಡಿಸೆಂಬರಿನಲ್ಲಿ ನೆರೆಯ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ಭೂಕಂಪಕ್ಕೆ ಬಿರುಕುಬಿಟ್ಟಾಗ ಇನ್ನೊಂದು ಪಾಠವಾಯಿತು. ಅದನ್ನು ಬಲಪಡಿಸಿ ಉಳಿಸಿಕೊಂಡರು.

ಅಂದರೆ ಕಟ್ಟಿ ಮುಗಿಸಿದರೆ ಕೆಲಸ ಮುಗಿಯಲಿಲ್ಲ, ಕಾಯುವುದೂ ಎಂಜಿನಿಯರಿಂಗೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಗೋಡೆಗೆ ಏನೂ ಆಗಿರಲಿಲ್ಲ. ಸೋತದ್ದು ಗೇಟಿನ ಸರಪಳಿ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ದೊಡ್ಡ ಅಣೆಕಟ್ಟುಗಳ ತಪಾಸಣೆ ಆಗಲೇಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಸೋರುವ ನೀರನ್ನು ಅಳೆಯುವುದು, ಬಿರುಕಿನ ಮೇಲೆ ಕಣ್ಣಿಡುವುದು, ಗೇಟು ಎತ್ತಿ ಇಳಿಸಿ ನೋಡುವುದು ಈ ಕೆಲಸದ ಭಾಗ.

ಇದರ ಬೆಲೆ ಗೊತ್ತಿರುವುದು ಕೆಳಗಿನ ಊರಿನವರಿಗೆ. 2019ರ ಆಗಸ್ಟಿನಲ್ಲಿ ಅಣೆಕಟ್ಟು ಗಟ್ಟಿಯಾಗಿಯೇ ಇತ್ತು. ಆದರೂ ಒಳಹರಿವು ಉಕ್ಕಿ ನೀರು ಬಿಡಬೇಕಾಗಿ ಬಂದಾಗ ರಾಮದುರ್ಗ, ಕೊಣ್ಣೂರು, ಹೊಳೆಆಲೂರಿನ ಜನ ಮನೆ ತೊರೆದರು. ಗೋಡೆಯ ಬಲದಷ್ಟೇ, ಯಾವಾಗ ಎಷ್ಟು ನೀರು ಬಿಡಬೇಕೆಂಬ ಲೆಕ್ಕವೂ ಮುಖ್ಯ.

ಅಣೆಕಟ್ಟುಗಳ ಅಧ್ಯಯನಕ್ಕೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೇಂದ್ರ ತೆರೆಯಲು 2024ರಲ್ಲಿ ಒಪ್ಪಂದವಾಗಿದೆ. ಸಿವಿಲ್ ಎಂಜಿನಿಯರಿಂಗ್ ಎಂದರೆ ಹೊಸದನ್ನು ಕಟ್ಟುವುದಷ್ಟೇ ಎಂದು ತಿಳಿದ ಪಾಲಕರು ಮಕ್ಕಳನ್ನು ಒಮ್ಮೆ ನವಿಲುತೀರ್ಥಕ್ಕೆ ಕರೆದೊಯ್ಯಲಿ. ತುಂಬಿದ ಸಾಗರವನ್ನು ನೋಡಿದ ಮೇಲೆ, ನದಿ ಹರಿದು ಹೋಗುವ ದಿಕ್ಕಿಗೂ ಒಮ್ಮೆ ತಿರುಗಿ ನೋಡಲಿ.