ಆರೋಪಪಟ್ಟಿಯಲ್ಲಿ ಇಲ್ಲದ ಮಾತು

ನೌಕರರ ಪರವಾಗಿ ವಕಾಲತ್ತು ವಹಿಸುತ್ತ ಬಂದ ನಾನು ಓದಿದ ಆರೋಪಪಟ್ಟಿಗಳಿಗೆ ಲೆಕ್ಕವಿಲ್ಲ. ಸತ್ಯ ಹೇಳಿದನೆಂಬ ಆರೋಪವನ್ನು ಮಾತ್ರ ಯಾವುದರಲ್ಲಿಯೂ ಕಂಡಿಲ್ಲ. ಲೆಕ್ಕಪುಸ್ತಕದ ಮೋಸವನ್ನು ಬಯಲಿಗೆ ತಂದ ಗುಮಾಸ್ತನ ಮೇಲೂ ತಡವಾಗಿ ಬಂದ, ಮೇಲಧಿಕಾರಿಗೆ ಎದುರಾಡಿದ ಅಪರಾಧಗಳೇ ಇರುತ್ತವೆ. ಆದುದರಿಂದ ನಾನು ಮೊದಲು ನೋಡುವುದು ತಾರೀಖುಗಳನ್ನು: ದೂರು ಎಂದು ಕೊಟ್ಟದ್ದು, ಆರೋಪ ಎಂದು ಹುಟ್ಟಿದ್ದು. ದೂರಿನ ಪ್ರತಿಯನ್ನೂ ಸ್ವೀಕೃತಿಯನ್ನೂ ಜೋಪಾನವಾಗಿಡಿರೆಂದು ಎಲ್ಲರಿಗೂ ಹೇಳುತ್ತೇನೆ.

ದೊಡ್ಡ ಕಾರ್ಖಾನೆಗಳಲ್ಲಿ ಅಮಾನತಾದ ಕಾರ್ಮಿಕನಿಗೆ ಮೊದಲ 90 ದಿನ ಅರ್ಧ ವೇತನ ಜೀವನಾಧಾರ ಭತ್ಯೆಯಾಗಿ ಸಲ್ಲಬೇಕು. ಮನೆಬಾಡಿಗೆ, ಶಾಲೆಯ ಶುಲ್ಕ ಅರ್ಧವಾಗುವುದಿಲ್ಲವಲ್ಲ! ರಾಜಿಗೊಪ್ಪಿ ಮೌನವಾದವರನ್ನು ಹೇಡಿಗಳೆನ್ನಲು ನನಗೆ ನಾಲಿಗೆ ಬಾರದು.

ಕೆಲವರು ತೆತ್ತ ಬೆಲೆ ನೌಕರಿಗಿಂತ ದೊಡ್ಡದು. ನಮ್ಮ ಕೋಲಾರದ ಚಿನ್ನದ ಗಣಿ ಊರಿನಲ್ಲಿ ಹುಟ್ಟಿದ ತೈಲ ಸಂಸ್ಥೆಯ ಯುವ ಅಧಿಕಾರಿ ಮಂಜುನಾಥ್ ಷಣ್ಮುಗಂ, 2005ರಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಇಂಧನದ ಕಲಬೆರಕೆಯನ್ನು ತಡೆಯಹೋಗಿ ಕೊಲೆಯಾದರು. ಅಂಥವರ ರಕ್ಷಣೆಗೆಂದು 2014ರಲ್ಲಿ ಕಾಯಿದೆಯಾಯಿತು. ಹತ್ತು ವರ್ಷ ಕಳೆದರೂ ಅದು ಜಾರಿಗೆ ಬರಲಿಲ್ಲ.

ಸಂತ ಯೊವಾನ್ನರ ಶುಭಸಂದೇಶದ 18ನೆಯ ಅಧ್ಯಾಯವನ್ನು ನಾನು ವಕೀಲನ ಕಣ್ಣಿನಿಂದಲೇ ಓದುತ್ತೇನೆ. ಕೆನ್ನೆಗೆ ಹೊಡೆದ ಕಾವಲುಗಾರನನ್ನು ಯೇಸು ಶಪಿಸುವುದಿಲ್ಲ. ತಮ್ಮ ಮಾತಿನಲ್ಲಿ ತಪ್ಪಿದ್ದರೆ ಸಾಕ್ಷ್ಯ ಕೊಡುವಂತೆ ಕೇಳುತ್ತಾರೆ. ವಿಚಾರಣೆಯ ಕೊಠಡಿಯಲ್ಲಿ ನಾವು ಕೇಳುವುದೂ ಅದನ್ನೇ. ಅಂದು ಅವರಿಗೆ ಉತ್ತರ ದೊರೆಯಲಿಲ್ಲ. ಕಟ್ಟಿದ ಕೈಗಳಲ್ಲೇ ಕಾಯಫನ ಬಳಿಗೆ ಕಳುಹಿಸಿದರು.